ಪುಸ್ತಕ ಒಂದು ಹೇಳುತ್ತದೆ, ಚಿತ್ರ ಇನ್ನೊಂದು: ಯಾವುದನ್ನು ನಂಬಲಿ?

ಪ್ರಶ್ನೆ: ಮೇಡಂ, ನಾಪೋಕ್ಲು ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ಬೆಂಗಳೂರಿನಲ್ಲಿರುವ ತಂಗಿ ಮಗಳು ಕಳೆದ ವರ್ಷ ಶಾಸ್ತ್ರ ಹೇಳುವ ಟ್ಯಾರೋ ಎಲೆಗಳ (ಕಾರ್ಡುಗಳ) ಒಂದು ಕಟ್ಟು ತಂದುಕೊಟ್ಟಳು. ತುಂಬಾ ಡ್ರ್ಯಾಗನ್‌ಗಳು, ಮತ್ಸ್ಯಕನ್ಯೆಯರು, ಗುಹೆಯಲ್ಲಿ ಕೆಲಸ ಮಾಡುವ ಕುಳ್ಳರು. ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಆದರೆ ಜೊತೆಗೆ ಬಂದ ಪುಟ್ಟ ಪುಸ್ತಕಕ್ಕೂ ಚಿತ್ರಕ್ಕೂ ಎಷ್ಟೋ ಕಡೆ ತಾಳೆಯೇ ಆಗುವುದಿಲ್ಲ. ಐದು ಬಟ್ಟಲಿನ ಎಲೆಯಲ್ಲಿ ಬಟ್ಟಲಿನ ಬದಲು ಚಿಪ್ಪು ಬರೆದಿದ್ದಾರೆ, ಐದೂ ಒಡೆದು ಬಿದ್ದಿವೆ. ಪುಸ್ತಕ ಮಾತ್ರ 'ಇನ್ನೂ ಉಳಿದಿದೆ' ಅನ್ನುತ್ತದೆ. ತೋಟವನ್ನು ಲೀಸಿಗೆ ಕೊಡಬೇಕು ಅಂತ ಮೈದುನ ಹಟ ಹಿಡಿದಿದ್ದಾರೆ. ಕೊಡಲಾ ಬೇಡವಾ ಅಂತ ಕೇಳಿ ಮೂರು ಎಲೆ ತೆಗೆದೆ. ಆರು ಕತ್ತಿ, ಸಾವು, ಎಂಟು ನಾಣ್ಯ ಬಂತು. ಅವತ್ತಿನಿಂದ ನಿದ್ದೆ ಇಲ್ಲ. ಅತ್ತೆಯವರು ಇದೆಲ್ಲ ಮನೆಯಲ್ಲಿ ಬೇಡ ಅನ್ನುತ್ತಾರೆ, ಗೆಸ್ಟ್‌ಗಳು ನಮಗೂ ನೋಡಿ ಅನ್ನುತ್ತಾರೆ. ಸಾಲದ್ದಕ್ಕೆ ಈ ಮಳೆಗಾಲದಲ್ಲಿ ಎರಡು ಕೋಲಿನ ಎಲೆಗೆ ಬೂಷ್ಟು ಹಿಡಿದಿದೆ. ಎಲೆಗಳ ಫೋಟೋ ಕಳಿಸಿದ್ದೇನೆ.

ಉತ್ತರ: ನಿದ್ದೆ ಇಲ್ಲ ಅಂದಿದ್ದೀರಲ್ಲ, ಮೊದಲು ಅದನ್ನು ಮುಗಿಸೋಣ. ಸಾವಿನ ಎಲೆ ಬಂತು ಅಂತ ಯಾರೂ ಸಾಯುವುದಿಲ್ಲ. ಕಟ್ಟಿನಲ್ಲಿ 78 ಎಲೆ, ನೀವು ತೆಗೆದದ್ದು 3. ಅದರಲ್ಲಿ ಸಾವು ಇರುವ ಸಾಧ್ಯತೆ 26ರಲ್ಲಿ 1. ದಿನಾ ಮೂರು ಎಲೆ ತೆಗೆಯುವವರ ಮುಂದೆ ಅದು ಹೆಚ್ಚುಕಮ್ಮಿ ತಿಂಗಳಿಗೊಮ್ಮೆ ಬಂದು ಕೂರುತ್ತದೆ. ನನ್ನ ಮುಂದೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ. ನಾನು ಇನ್ನೂ ಮಡಿಕೇರಿಯಲ್ಲಿ ಕೂತು ಕಾಫಿ ಕುಡಿಯುತ್ತಾ ನಿಮಗೆ ಉತ್ತರ ಬರೆಯುತ್ತಿದ್ದೇನೆ.

ಆ ಎಲೆಯ ಹತ್ತಿರ ಮತ್ತೆ ಬರುತ್ತೇನೆ. ಈಗ ಪುಸ್ತಕವೋ ಚಿತ್ರವೋ ಅನ್ನುವ ಪ್ರಶ್ನೆ. ನಾನು ಇಪ್ಪತ್ತು ವರ್ಷ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದು ಹೊಟ್ಟೆ ಹೊರೆದವಳು. ಟ್ಯಾರೋ ಹಿಡಿದದ್ದು ಆಮೇಲೆ. ಹಾಗಾಗಿ ನನ್ನದು ಸ್ವಲ್ಪ ಪಕ್ಷಪಾತದ ಉತ್ತರವೇ: ಚಿತ್ರ. ನಿಮ್ಮ ಮುಂದೆ ಹರಡಿರುವುದು ಅದು. ಆದರೆ ಚಿತ್ರಕ್ಕೂ ಒಂದು ಬೇಲಿ ಬೇಕು. ಇಲ್ಲದಿದ್ದರೆ ಒಂದೇ ಡ್ರ್ಯಾಗನ್ ಇವತ್ತು ಗಂಡ, ನಾಳೆ ಬ್ಯಾಂಕಿನ ಸಾಲ, ನಾಡಿದ್ದು ತೋಟಕ್ಕೆ ನುಗ್ಗಿದ ಆನೆ. ಆ ಬೇಲಿ ಎಲ್ಲಿದೆ ಅಂತ ಗೊತ್ತಾದರೆ ಪುಸ್ತಕವನ್ನು ಡಬ್ಬಿಯಲ್ಲೇ ಬಿಟ್ಟುಬಿಡಬಹುದು.

ಯಾವ ಕಟ್ಟೇ ಕೈಗೆ ಬರಲಿ, ಮೊದಲು ಎಣಿಸಿ. ಫ್ಯಾಂಟಸಿ ಚಿತ್ರದ ಡಬ್ಬಿಗಳಲ್ಲಿ ಎಷ್ಟೋ ಟ್ಯಾರೋನೇ ಅಲ್ಲ, ಆರೇಕಲ್ ಕಾರ್ಡುಗಳು. ಅವುಗಳಲ್ಲಿ ಇಷ್ಟೇ ಎಲೆ ಅನ್ನುವ ಲೆಕ್ಕ ಇಲ್ಲ, ಗುಂಪುಗಳಿಲ್ಲ. ಮಾಡಿದವರಿಗೆ ಏನು ತೋಚಿತೋ ಅದು. ಅಂಥದ್ದಕ್ಕೆ ಪುಸ್ತಕವೇ ಗತಿ. ನಿಮ್ಮದರಲ್ಲಿ 78 ಇದೆ, ಕತ್ತಿ, ಬಟ್ಟಲು, ಕೋಲು, ನಾಣ್ಯ ಎಲ್ಲ ಇವೆ. ಇದು ಟ್ಯಾರೋನೇ. ಅದರಲ್ಲಿ 22 ದೊಡ್ಡ ಎಲೆಗಳು, ಮೇಜರ್ ಆರ್ಕೇನಾ ಅನ್ನುತ್ತಾರೆ. ಸೊನ್ನೆ ಅಂಕಿಯ ಮರುಳನಿಂದ 21ರ ಜಗತ್ತಿನವರೆಗೆ. ಮಿಕ್ಕ 56 ನಮ್ಮ ಇಸ್ಪೀಟಿನ ಅಣ್ಣತಮ್ಮಂದಿರು. ಒಂದೊಂದು ಗುಂಪಿನಲ್ಲೂ ಎಕ್ಕದಿಂದ ಹತ್ತರವರೆಗೆ, ಆಮೇಲೆ ಗುಲಾಮ, ರಾಣಿ, ರಾಜ. ಕುದುರೆ ಸವಾರ ಒಬ್ಬ ಜಾಸ್ತಿ. ಬಟ್ಟಲು ಅಂದರೆ ಆಟೀನು, ನಾಣ್ಯ ಅಂದರೆ ಡೈಮಂಡು, ಕೋಲು ಅಂದರೆ ಕಳಾವರ್, ಕತ್ತಿ ಅಂದರೆ ಇಸ್ಪೀಟು. ಇಂಗ್ಲಿಷಿನ ಸ್ಪೇಡ್ ಎಲೆಗೂ ಗುದ್ದಲಿಗೂ ಸಂಬಂಧವೇ ಇಲ್ಲ. ಇಟಲಿಯಲ್ಲಿ 'ಸ್ಪಾದೆ' ಅಂದರೆ ಕತ್ತಿಗಳು, ಹೆಸರು ಬಂದದ್ದು ಅಲ್ಲಿಂದ.

ಟ್ಯಾರೋ ಹುಟ್ಟಿದ್ದೂ ಆಟಕ್ಕೇ. 15ನೇ ಶತಮಾನದಲ್ಲಿ, ಇಟಲಿಯ ಉತ್ತರ ಭಾಗದ ದೊಡ್ಡ ಮನೆತನಗಳಲ್ಲಿ. ನಾವು ತುರುಫು ಅನ್ನುತ್ತೇವಲ್ಲ, ಆ ದೊಡ್ಡ ಎಲೆಗಳು ಹೆಚ್ಚುಕಮ್ಮಿ ಅದೇ. ಶಾಸ್ತ್ರ ಹೇಳುವುದಕ್ಕೆ ಜನ ಇದನ್ನು ಜೋರಾಗಿ ಹಿಡಿದದ್ದು ಮುನ್ನೂರು ವರ್ಷ ಕಳೆದ ಮೇಲೆ, ಫ್ರಾನ್ಸಿನಲ್ಲಿ. 1781ರಲ್ಲಿ ಕೂರ್ ದ ಜೆಬೆಲಿನ್ ಎಂಬಾತ ಇದು ಪುರಾತನ ಈಜಿಪ್ಟಿನ ಜ್ಞಾನ ಅಂತ ಬರೆದ. ಈಜಿಪ್ಟಿನ ಚಿತ್ರಲಿಪಿಯ ಗುಟ್ಟು ಬಿಡಿಸಿದ್ದೇ 1822ರಲ್ಲಿ. ಓದಲು ಯಾರಿಗೂ ಬಾರದ ಕಾಲದಲ್ಲೇ ಇವನಿಗೆ ಎಲ್ಲ ಗೊತ್ತಿತ್ತು, ಧೈರ್ಯ ಮೆಚ್ಚಬೇಕು ಅಲ್ವಾ? ನಿಮ್ಮ ಪುಟ್ಟ ಪುಸ್ತಕದಲ್ಲಿ ಪಿರಮಿಡ್ಡಿನ ಮಾತು ಬಂದರೆ ಆ ಪುಟ ಹಾರಿಸಿ. ಎಲೆಗಳಿಗೆ ಕಥೆ ಹೊದಿಸುವ ಚಾಳಿ ನಮ್ಮಲ್ಲೂ ಹಳೆಯದೇ. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಕ್ಕೆ ಹತ್ತು ಗುಂಪು, ಗುಂಪಿಗೆ 12ರಂತೆ 120 ಎಲೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಹೊಸ ಹೊಸ ಗಂಜೀಫಾ ಆಟಗಳನ್ನೇ ಕಟ್ಟಿದರು. ಆ ಸಾಲಿನಲ್ಲಿ ನಿಮ್ಮ ಡ್ರ್ಯಾಗನ್ ಕಟ್ಟೂ ಒಂದು ಅಂದುಕೊಳ್ಳಿ.

ನಿಮ್ಮ ಕಟ್ಟಿನ ತಾಯಿಬೇರು ಇರುವುದು 1909ರ ಲಂಡನ್ನಿನಲ್ಲಿ. ಎ. ಇ. ವೇಟ್ ಎಂಬವರು ಹೇಳಿದರು, ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಚಿತ್ರಗಾರ್ತಿ ಬರೆದರು, ರೈಡರ್ ಎಂಬ ಪ್ರಕಾಶಕರು ಅಚ್ಚು ಹಾಕಿದರು. ಅದಕ್ಕೂ ಮುಂಚೆ, ಅಪರೂಪಕ್ಕೊಂದು ಬಿಟ್ಟರೆ, ಏಳು ಬಟ್ಟಲಿನ ಎಲೆ ಅಂದರೆ ಏಳು ಬಟ್ಟಲಿನ ಚಿತ್ರ ಅಷ್ಟೇ, ಇಸ್ಪೀಟಿನ ಹಾಗೆ. ಪಮೇಲಾ ಹೆಚ್ಚಿನ ಎಲೆಗಳಿಗೆ ಮನುಷ್ಯರನ್ನು ತಂದರು, ಒಂದು ಸನ್ನಿವೇಶ ಇಟ್ಟರು. ಇವತ್ತು ಫ್ಯಾಂಟಸಿ ಕಟ್ಟುಗಳಲ್ಲಿ ಬಹುಪಾಲು ಆ ಸನ್ನಿವೇಶಗಳಿಗೇ ರೆಕ್ಕೆ, ಬಾಲ, ಕೊಂಬು ಹಚ್ಚಿದವು. ಆದರೆ ಕಟ್ಟಿಗೆ ಹೆಸರು ಬಂದದ್ದು ರೈಡರ್-ವೇಟ್ ಅಂತ. ಬರೆದವರ ಹೆಸರು ಎಷ್ಟೋ ದಶಕ ಕಾಣಲೇ ಇಲ್ಲ. ಕೆಲಸ ದೊಡ್ಡದು, ಕೊಟ್ಟ ದುಡ್ಡು ತೀರಾ ಕಮ್ಮಿ ಅಂತ ಅವರು ಆ ವರ್ಷವೇ ಸ್ನೇಹಿತರಿಗೆ ಪತ್ರ ಬರೆದಿದ್ದರು. ಚಿತ್ರಗಾರರ ಪಾಡು ಯಾವ ಕಾಲಕ್ಕೂ ಒಂದೇ. ನಾನು ಅದನ್ನು ಪಮೇಲಾ ಕಟ್ಟು ಅಂತಲೇ ಕರೆಯುತ್ತೇನೆ.

ನಿಮ್ಮದು ಅದೇ ಬಳ್ಳಿಯದ್ದಾ ಅಂತ ನೋಡಲು 8ನೇ ಅಂಕಿಯ ದೊಡ್ಡ ಎಲೆ ತೆಗೆಯಿರಿ. ಅಲ್ಲಿ ಸಿಂಹವನ್ನೋ ಇನ್ನೊಂದು ಮೃಗವನ್ನೋ ಪಳಗಿಸುತ್ತಿದ್ದರೆ ಪಮೇಲಾ ಬಳ್ಳಿ. ತಕ್ಕಡಿ ಇದ್ದರೆ ಹಳೆಯ ಫ್ರೆಂಚ್ ಕ್ರಮ. ಆಮೇಲೆ ಮೂರು ಕತ್ತಿ ನೋಡಿ. ಹೃದಯಕ್ಕೆ ಮೂರು ಕತ್ತಿ ನೆಟ್ಟಿದ್ದರೆ ಅನುಮಾನವೇ ಬೇಡ.

ಈಗ ನಿಮ್ಮ ಐದು ಬಟ್ಟಲು. ಪಮೇಲಾ ಬರೆದದ್ದು ಹೀಗಿದೆ: ಕಪ್ಪು ಹೊದ್ದ ಒಬ್ಬರು ತಲೆ ತಗ್ಗಿಸಿ ನಿಂತಿದ್ದಾರೆ. ಮುಂದೆ ಮೂರು ಬಟ್ಟಲು ಮಗುಚಿ ಚೆಲ್ಲಿವೆ. ಬೆನ್ನ ಹಿಂದೆ ಎರಡು ನೆಟ್ಟಗೆ ನಿಂತಿವೆ. ಆಚೆ ಹೊಳೆ, ಹೊಳೆಗೆ ಸೇತುವೆ. ನಿಮ್ಮ ಪುಸ್ತಕದ 'ಇನ್ನೂ ಉಳಿದಿದೆ' ಬಂದದ್ದು ಆ ಹಿಂದಿನ ಎರಡು ಬಟ್ಟಲಿನಿಂದ. ನಿಮ್ಮ ಚಿತ್ರಗಾರರು ಮತ್ಸ್ಯಕನ್ಯೆಯ ಕಣ್ಣೀರಿನ ಅಂದಕ್ಕೆ ಮರುಳಾಗಿ ಆ ಎರಡನ್ನೂ ಒಡೆದಿದ್ದಾರೆ. ಪುಸ್ತಕ ಬರೆದವರು ಹೊಸ ಚಿತ್ರ ನೋಡದೆ ಹಳೆಯ ಮಾತನ್ನೇ ಇಳಿಸಿದ್ದಾರೆ. ಈ ಕಾಯಿಲೆ ನನಗೆ ಚೆನ್ನಾಗಿ ಗೊತ್ತು. ನಾನೂ ಕಥೆ ಪೂರ್ತಿ ಓದದೆ ಹಸುವಿನ ಜಾಗದಲ್ಲಿ ಎಮ್ಮೆ ಬರೆದು ಕಳಿಸಿದವಳೇ. ಪುಸ್ತಕ ಅಚ್ಚಾದ ಮೇಲೆ ಒಂದು ಮಗು ಕಂಡುಹಿಡಿಯಿತು.

ಹಾಗಾದರೆ ಈ ಎಲೆ ಬಂದಾಗ ಏನು ಹೇಳುವುದು? 'ಉಳಿದಿದೆ' ಅನ್ನಬೇಡಿ. ಅಲ್ಲಿ ಒಂದು ಚಿಪ್ಪೂ ಉಳಿದಿಲ್ಲ, ಎದುರು ಕೂತವರಿಗೆ ಕಣ್ಣಿದೆ. ಫೋಟೋವನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿ. ಅವಳು ಬಂಡೆ ಮೇಲೆ ಕೂತಿದ್ದಾಳೆ, ಬಾಲ ಮಾತ್ರ ನೀರಿನಲ್ಲಿದೆ. ಚಿಪ್ಪು ಬೇಕಾದದ್ದು ಯಾತಕ್ಕೆ? ನೀರು ಹಿಡಿದಿಡಲು. ಅವಳಿಗೆ ಅದು ಬೇಕಾ? ಇಡೀ ಸಮುದ್ರ ಅವಳ ಕಾಲಡಿ ಇದೆ, ಕಾಲು ಅನ್ನಬಹುದಾದರೆ. ಒಡೆದ ಐದನ್ನೇ ನೋಡುತ್ತಾ ಅಳುತ್ತಿದ್ದಾಳೆ. ನೋಡಿ, ಪುಸ್ತಕ ಹೇಳಿದ ಕಡೆಗೇ ಬಂದೆವು, ಆದರೆ ನಿಮ್ಮ ಚಿತ್ರದ ದಾರಿಯಲ್ಲಿ ಬಂದೆವು. ಇನ್ನೊಂದು ದಿನ ಇನ್ನೊಬ್ಬರಿಗೆ ಅದೇ ಎಲೆ 'ಬಂಡೆಯಿಂದ ಇಳಿ' ಅನ್ನಬಹುದು. ಅದೂ ಚಿತ್ರದಲ್ಲಿದೆ.

ಬೇಲಿ ಅಂದೆನಲ್ಲ, ಅದು ಎರಡು ಗೆರೆ: ಗುಂಪು ಮತ್ತು ಅಂಕಿ. ಬಟ್ಟಲು ಅಂದರೆ ನೀರು, ಮನಸ್ಸು, ನಂಟು. ಬಟ್ಟಲಿನ ಎಕ್ಕದಲ್ಲಿ ನೀರು ತುಂಬಿ ತಾನಾಗಿ ಉಕ್ಕುತ್ತಿರುತ್ತದೆ. ತುಲಾ ಸಂಕ್ರಮಣದ ದಿನ ತಲಕಾವೇರಿಯ ಕುಂಡಿಕೆ ಮುಂದೆ ನೂಕುನುಗ್ಗಲಲ್ಲಿ ನಿಂತವರಿಗೆ ಆ ಎಲೆಯನ್ನು ಬಿಡಿಸಿ ಹೇಳಬೇಕಾ? ಕೋಲು ಅಂದರೆ ಬೆಂಕಿ, ಹುಮ್ಮಸ್ಸು, ಏನಾದರೂ ಶುರು ಮಾಡುವ ತವಕ. ನಿಮ್ಮಲ್ಲಿ ಅದಕ್ಕೇ ಡ್ರ್ಯಾಗನ್‌ಗಳನ್ನು ಇಟ್ಟಿದ್ದಾರೆ. ಪಮೇಲಾ ಕೋಲುಗಳಿಗೆ ಎಳೆ ಚಿಗುರು ಬರೆದಿದ್ದರು. ನೆಟ್ಟ ಹಾಲುವಾಣದ ಗೂಟ ಮಳೆಗೆ ಚಿಗುರುತ್ತದಲ್ಲ, ಹಾಗೆ. ನಾಣ್ಯ ಅಂದರೆ ಮಣ್ಣು, ಮೈ, ಮನೆ, ದುಡ್ಡು. ತೋಟದವರಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಾಗಿಲ್ಲ.

ಕತ್ತಿಯ ಹತ್ತಿರ ಮಾತ್ರ ಸ್ವಲ್ಪ ನಿಲ್ಲಬೇಕು. ಕತ್ತಿ ಅಂದರೆ ಗಾಳಿ, ಯೋಚನೆ, ಮಾತು, ತೀರ್ಮಾನ. ಟ್ಯಾರೋದಲ್ಲಿ ಜನ ಹೆದರುವ ಎಲೆಗಳು ಹೆಚ್ಚಾಗಿ ಈ ಗುಂಪಿನವೇ. ಆದರೆ ನಮ್ಮ ಜಿಲ್ಲೆಯಲ್ಲಿ ಕತ್ತಿ ಕಂಡು ಹೆದರುವುದು ಸ್ವಲ್ಪ ತಮಾಷೆಯೇ. ಕೈಲ್‌ಪೊದ್ ಹಬ್ಬದ ದಿನ ಒಡಿಕತ್ತಿ, ಕೋವಿ ಎಲ್ಲ ಸಾಲಾಗಿಟ್ಟು ತೋಕ್ ಪೂ ಮುಡಿಸಿ ಕೈಮುಗಿಯುವವರು ನಾವು. ಹೊರಗೆ ಬಂದ ಕತ್ತಿಯೆಲ್ಲ ಕಡಿಯುವುದಕ್ಕೆ ಬಂದದ್ದಲ್ಲ. ಹಾಗಾಗಿ ಕತ್ತಿ ಎಲೆ ಬಂದರೆ ನಾನು ಮೊದಲು ನೋಡುವುದು, ಅದು ಕೈಯಲ್ಲಿದೆಯಾ, ನೆಲಕ್ಕೆ ಚುಚ್ಚಿದೆಯಾ, ಗೋಡೆ ಮೇಲಿದೆಯಾ ಅಂತ. ಆಡುತ್ತಿರುವ ಮಾತು ಬೇರೆ, ಆಡಿ ಮುಗಿದ ಮಾತು ಬೇರೆ, ಆಡದೆ ಇಟ್ಟುಕೊಂಡದ್ದು ಬೇರೆ.

ಅಂಕಿಗಳಿಗೆ ನಾನು ತೋಟದ ಲೆಕ್ಕ ಇಟ್ಟುಕೊಂಡಿದ್ದೇನೆ. ಒಂದು ಅಂದರೆ ಕಾಫಿ ಹೂ ಬಿಡಿಸುವ ಹೂಮಳೆ ಬಿದ್ದ ಬೆಳಗ್ಗೆ, ಆಸೆ ಮಾತ್ರ ಇದೆ. ಎರಡು ಅಂದರೆ ಮುಂದಿನ ಮಳೆ ಬರುತ್ತದಾ ಇಲ್ಲವಾ, ಸ್ಪ್ರಿಂಕ್ಲರ್ ಹಾಕಲಾ ಬೇಡವಾ. ನಾಲ್ಕು ಬೇಲಿ, ನಿಲುಗಡೆ. ಐದು ಅಂದರೆ ಕಣದಲ್ಲಿ ಹರಡಿದ ಕಾಫಿ ಹಣ್ಣಿನ ಮೇಲೆ ಸುರಿದ ಅಕಾಲ ಮಳೆ. ಆರು ಮತ್ತೆ ಬಂದ ಬಿಸಿಲು. ಎಂಟು ಕೈಕೆಲಸ. ಹತ್ತು ಗೋದಾಮು ತುಂಬಿದ ಚೀಲಗಳು, ಅವನ್ನು ಹೊರುವ ಭಾರವೂ ಸೇರಿ. ಗದ್ದೆ ಇರುವವರು ನಾಟಿಯಿಂದ ಪುತ್ತರಿಯ ಕದಿರಿನವರೆಗೆ ಕಟ್ಟಿಕೊಳ್ಳಲಿ, ನಡೆಯುತ್ತದೆ.

ಡ್ರ್ಯಾಗನ್ ಬಗ್ಗೆ ಒಂದು ಮಾತು. ಯುರೋಪಿನ ಕಥೆಯಲ್ಲಿ ಅದು ನಿಧಿ ಕಾಯುತ್ತದೆ, ವೀರ ಬಂದು ಕೊಲ್ಲುತ್ತಾನೆ. ನಮ್ಮ ಮನಸ್ಸು ಅದನ್ನು ನೋಡಿದರೆ ಸುಮ್ನೆ ನಾಗನ ಕಡೆ ಹೋಗುತ್ತದೆ. ನಾಗನನ್ನು ಯಾರು ಕೊಲ್ಲುತ್ತಾರೆ, ಕಲ್ಲು ನೆಟ್ಟು ಹಾಲೆರೆಯುತ್ತೇವೆ. ಹಾಗೆ ಓದಿದರೆ ತಪ್ಪೇನಿಲ್ಲ. ಏಳು ಕೋಲಿನಲ್ಲಿ ಡ್ರ್ಯಾಗನ್ ಬಾಯ್ತೆರೆದು ಬಂದರೆ 'ಹೋರಾಡು' ಅನ್ನುವುದಕ್ಕಿಂತ 'ಅದರ ಜಾಗಕ್ಕೆ ನೀನು ಹೋಗಿದ್ದೀಯಾ ನೋಡು' ಅನ್ನಬಹುದು. ಗುಂಪು, ಅಂಕಿ ಎರಡನ್ನೂ ಬಿಟ್ಟು ಹೋಗಬೇಡಿ, ಅಷ್ಟೇ.

ನಾನು ಎಲೆ ಓದುವುದು ಹೀಗೆ. ಪುಸ್ತಕ ಮುಚ್ಚಿಡುತ್ತೇನೆ. ಫೋನಿನಲ್ಲಿ ಯಾರಿಗೋ ಚಿತ್ರ ವಿವರಿಸುವ ಹಾಗೆ ಬಾಯಿಬಿಟ್ಟು ಹೇಳುತ್ತೇನೆ. ಯಾರಿದ್ದಾರೆ, ಕೈಯಲ್ಲಿ ಏನಿದೆ, ಎತ್ತ ನೋಡುತ್ತಿದ್ದಾರೆ, ಬೆಳಕು ಎಲ್ಲಿಂದ ಬರುತ್ತಿದೆ, ಮೂಲೆಯಲ್ಲಿ ಏನನ್ನು ಅಡಗಿಸಿದ್ದಾರೆ. ಮನಸ್ಸು ಮಾಡದಿದ್ದರೂ ಬಾಯಿ ಯಾವುದೋ ಒಂದು ಪದದ ಮೇಲೆ ತಡೆಯುತ್ತದೆ. ಅಲ್ಲಿಂದ ಹಿಡಿಯಬೇಕು. ಎಲೆ ತಲೆಕೆಳಗಾಗಿ ಬಂದರೆ ಸದ್ಯಕ್ಕೆ ನೆಟ್ಟಗೆ ತಿರುಗಿಸಿಕೊಳ್ಳಿ. ಹತ್ತು ಎಲೆಯ ಕೆಲ್ಟಿಕ್ ಕ್ರಾಸ್ ಹರಡುವ ಆಸೆಯೂ ಈಗಲೇ ಬೇಡ, ಮೂರರಲ್ಲೇ ಬೇಕಾದಷ್ಟಿದೆ.

ನಿಮ್ಮ ಮೂರು ಎಲೆಗಳನ್ನೇ ನೋಡೋಣ. ಮೊದಲನೆಯದು ಆರು ಕತ್ತಿ. ಮಂಜಿನ ಹೊಳೆ, ದೊಡ್ಡ ಬಿಳಿ ಕೊಕ್ಕರೆ ದೋಣಿ ಎಳೆಯುತ್ತಿದೆ. ದೋಣಿಯಲ್ಲಿ ಇಬ್ಬರು ನಮಗೆ ಬೆನ್ನು ಹಾಕಿ ಕೂತಿದ್ದಾರೆ. ಆರು ಕತ್ತಿಗಳು ದೋಣಿಯ ತಳಕ್ಕೇ ಚುಚ್ಚಿ ನಿಂತಿವೆ. ಈಚೆ ನೀರು ಕದಡಿದೆ, ಆಚೆ ತಿಳಿ. ದುಬಾರೆಯಲ್ಲಿ ದೋಣಿ ಹತ್ತಿ ಹೊಳೆ ದಾಟಿದ್ದೀರಲ್ಲ, ಆ ದೋಣಿಯ ತಳದಲ್ಲಿ ಆರು ಕತ್ತಿ ನೆಟ್ಟಿದೆ ಅಂದುಕೊಳ್ಳಿ. ಕಿತ್ತರೆ ನೀರು ನುಗ್ಗುತ್ತದೆ, ಬಿಟ್ಟರೆ ಜೊತೆಗೇ ಬರುತ್ತದೆ. ಕತ್ತಿ ಅಂದರೆ ಮಾತು. ನಿಮ್ಮ ಮನೆಯಲ್ಲಿ ಈ ಲೀಸಿನ ವಿಷಯಕ್ಕೆ ಆಡಿದ ಮಾತುಗಳು ಇವೆಯಲ್ಲ, ತೋಟ ಕೈಬಿಟ್ಟರೂ ಅವು ದೋಣಿಯಲ್ಲೇ ಇರುತ್ತವೆ.

ಎರಡನೆಯದು ನಿಮ್ಮ ನಿದ್ದೆ ಕೆಡಿಸಿದ್ದು. ಪಮೇಲಾ ಬಿಳಿ ಕುದುರೆ ಮೇಲೆ ಅಸ್ಥಿಪಂಜರ ಕೂರಿಸಿದ್ದರು, ದೂರದಲ್ಲಿ ಎರಡು ಬುರುಜಿನ ನಡುವೆ ಸೂರ್ಯ. ಹಳೆಯ ಫ್ರೆಂಚ್ ಕಟ್ಟುಗಳಲ್ಲಿ ಇದಕ್ಕೆ ಹೆಸರೇ ಹಾಕುತ್ತಿರಲಿಲ್ಲ, 13 ಅಂತ ಅಂಕಿ ಮಾತ್ರ. ನಿಮ್ಮದರಲ್ಲಿ ಕಾಡಿನ ನಡುವೆ ಮೂಳೆ ಜಿಂಕೆ ನಿಂತಿದೆ. ಕೊಂಬಿನ ತುಂಬಾ ಅಣಬೆ, ಗೊರಸಿನ ಹತ್ತಿರ ಎರಡೆಲೆಯ ಸಸಿ. ಇಡೀ ಕಟ್ಟಿನಲ್ಲಿ ಚಿತ್ರಗಾರರು ಮನಸ್ಸಿಟ್ಟು ಬರೆದ ಎಲೆ ಇದೇ ಅನ್ನಿಸಿತು. ಮುದಿ ಕಾಫಿ ಗಿಡವನ್ನು ಬುಡದ ಹತ್ತಿರ ಕತ್ತರಿಸಿ ಹೊಸ ಚಿಗುರು ಬಿಡಿಸುತ್ತೇವೆ. ಒಂದೆರಡು ವರ್ಷ ಫಸಲು ಇಲ್ಲ, ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೂ ಕತ್ತರಿಸುತ್ತೇವೆ. ಈ ಎಲೆ ಕೇಳುವುದು ಅದನ್ನೇ: ನಿಮ್ಮಲ್ಲಿ ಆಗಲೇ ಮುಗಿದು ಹೋಗಿರುವುದು ಯಾವುದು? ತೋಟವಾ, ಅಣ್ಣತಮ್ಮ ಸೇರಿ ಮಾಡುತ್ತಿದ್ದ ಕ್ರಮವಾ?

ಮೂರನೆಯದು ಎಂಟು ನಾಣ್ಯ. ಗುಹೆಯಲ್ಲಿ ಕುಳ್ಳ ಒಬ್ಬ ನಾಣ್ಯ ಕೊರೆಯುತ್ತಿದ್ದಾನೆ. ಏಳು ಗೋಡೆಗೆ ನೇತು ಹಾಕಿದೆ, ಎಂಟನೆಯದು ಕೈಯಲ್ಲಿ. ಬಾಗಿಲಾಚೆ ಊರಿನ ದೀಪಗಳು. ಅವನು ತಲೆ ಎತ್ತುವುದಿಲ್ಲ.

ಈಗ ಮೂರನ್ನೂ ಪಕ್ಕಪಕ್ಕ ಇಟ್ಟು ಮುಖ ಎತ್ತ ಇದೆ ನೋಡಿ. ಇದನ್ನು ಯಾವ ಪುಟ್ಟ ಪುಸ್ತಕವೂ ಹೇಳುವುದಿಲ್ಲ. ದೋಣಿ ಹೋಗುತ್ತಿರುವುದು ಎಡಕ್ಕೆ, ಎಲೆಗಳ ಸಾಲಿನಿಂದಲೇ ಹೊರಕ್ಕೆ. ಜಿಂಕೆ ನೋಡುತ್ತಿರುವುದು ಬಲಕ್ಕೆ, ಕುಳ್ಳನ ಕಡೆ. ಕುಳ್ಳ ಕೂತಿರುವುದು ಜಿಂಕೆಗೆ ಎದುರಾಗಿ. ಅಂದರೆ ಮುಗಿದದ್ದೂ ಕೈಕೆಲಸವೂ ಮಾತಾಡಿಕೊಳ್ಳುತ್ತಿವೆ, ಬಿಟ್ಟು ಹೋಗುವ ಮಾತು ಮಾತ್ರ ಎರಡಕ್ಕೂ ಬೆನ್ನು ಹಾಕಿದೆ. ಇದರಿಂದ 'ಲೀಸಿಗೆ ಕೊಡಬೇಡಿ' ಅಂತ ನಾನು ಹೇಳಿದರೆ ಅದು ಮೋಸ. ನಾನು ಕೇಳುವುದು ಇಷ್ಟು. ನೀವು ತಲೆ ಎತ್ತದೆ ಮಾಡುವ ಕೆಲಸ ಯಾವುದು? ಹೋಂಸ್ಟೇ ಆಗಿದ್ದರೆ ಒಂದು ಉತ್ತರ, ತೋಟ ಆಗಿದ್ದರೆ ಇನ್ನೊಂದು. ಹಾಗೆಯೇ 'ಕೊಡಲಾ ಬೇಡವಾ' ಅಂತ ಎಲೆಗಳನ್ನು ಕೇಳುವ ಬದಲು 'ಈ ವಿಷಯದಲ್ಲಿ ನಾನು ಯಾವುದನ್ನು ನೋಡುತ್ತಿಲ್ಲ' ಅಂತ ಕೇಳಿ. ಕರಾರು ಪತ್ರವನ್ನು ವಕೀಲರಿಗೆ ತೋರಿಸಿ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗವಾದರೆ ಕುಟುಂಬದ ಯಜಮಾನರಾದ ಪಟ್ಟೆದಾರರ ಹತ್ತಿರ, ಕುಟುಂಬದವರ ಹತ್ತಿರವೂ ಮಾತಾಡಬೇಕಾಗುತ್ತದೆ. ಅದು ಮೂಳೆ ಜಿಂಕೆಯ ಕೆಲಸ ಅಲ್ಲ.

ಗೆಸ್ಟ್‌ಗಳ ವಿಷಯ. ಇದನ್ನು ಹೇಳಲು ನನ್ನದೇ ಒಂದು ತಪ್ಪು ಹೇಳಬೇಕು. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದದ್ದು ನಿಮಗೂ ನೆನಪಿರುತ್ತದೆ. ಆ ವರ್ಷದ ಕೊನೆಗೆ ಒಬ್ಬರು ನನ್ನ ಹತ್ತಿರ ಬಂದರು. ಮನೆ ಕಳೆದುಕೊಂಡವರು ಅಂತ ನನಗೆ ಗೊತ್ತಿತ್ತು. ಎಲೆ ತೆಗೆದರೆ 16, ಬುರುಜು. ಸಿಡಿಲು ಬಡಿದು ಕಟ್ಟಡ ಬೀಳುವ ಎಲೆ. ಗಾಬರಿಯಲ್ಲಿ ನನ್ನ ಬಾಯಿಗೆ ಪುಸ್ತಕದ ಮಾತು ಬಂತು. ಹಳೆಯದು ಬೀಳಲೇಬೇಕು, ಅದು ಬಿದ್ದರೇನೇ ಹೊಸದು ಅಂತೆಲ್ಲ ಹೇಳಿದೆ. ಅವರು ಮೇಜಿನ ಬಟ್ಟೆಯ ಅಂಚನ್ನು ಮಡಿಸುತ್ತಾ ಕೂತಿದ್ದರು. ಆಮೇಲೆ ಮೆಲ್ಲಗೆ, "ನಮ್ಮ ಮನೆ ಕಟ್ಟಿ ಹತ್ತೇ ವರ್ಷ ಆಗಿತ್ತು" ಅಂದರು.

ಆ ಎಲೆಯಲ್ಲಿ ಬುರುಜಿನಿಂದ ಇಬ್ಬರು ಮನುಷ್ಯರು ತಲೆಕೆಳಗಾಗಿ ಬೀಳುತ್ತಿದ್ದಾರೆ. ಎಷ್ಟು ವರ್ಷದಿಂದ ನೋಡುತ್ತಿದ್ದೆ ನಾನು ಆ ಚಿತ್ರವನ್ನ. ಪುಸ್ತಕ ಕಟ್ಟಡದ ಬಗ್ಗೆ ಮಾತಾಡುತ್ತದೆ, ಚಿತ್ರ ಆ ಇಬ್ಬರನ್ನು ತೋರಿಸುತ್ತದೆ. ಅವತ್ತು ನಾನು ಚಿತ್ರವನ್ನೂ ನೋಡಲಿಲ್ಲ, ಎದುರು ಕೂತವರನ್ನೂ ನೋಡಲಿಲ್ಲ.

ಹಾಗಾಗಿ ಕಾಯಿಲೆ, ಬಸಿರು, ಕೋರ್ಟು, ಯಾರಾದರೂ ಸಾಯುತ್ತಾರಾ, ಇವು ನಾಲ್ಕಕ್ಕೂ ನನ್ನ ಹತ್ತಿರ ಎಲೆ ಇಲ್ಲ. ನೀವೂ ಹಾಗೇ ಮೊದಲೇ ಹೇಳಿಬಿಡಿ. ಮತ್ತೆ, ನೀವು ಹೇಳಿದ್ದೆಲ್ಲ ಗೆಸ್ಟ್‌ಗಳಿಗೆ ನಿಜ ಅನ್ನಿಸುತ್ತದೆ, ಅದರಿಂದ ಉಬ್ಬಬೇಡಿ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಪ್ರತಿಯೊಬ್ಬರಿಗೂ 'ಇದು ನಿನ್ನ ಸ್ವಭಾವ' ಅಂತ ಒಂದೊಂದು ಕಾಗದ ಕೊಟ್ಟರು. ಎಷ್ಟು ಸರಿ ಇದೆ ಅಂತ 5ಕ್ಕೆ ಅಂಕ ಕೇಳಿದಾಗ ಸರಾಸರಿ 4.26 ಬಂತು. ಎಲ್ಲರ ಕಾಗದದಲ್ಲಿ ಇದ್ದದ್ದು ಒಂದೇ ಬರಹ. ಮಡಿಕೇರಿಯ ಶುಕ್ರವಾರದ ಸಂತೆಗೆ ನಾನು ಚಿಕ್ಕವಳಿದ್ದಾಗ ಗಿಳಿಶಾಸ್ತ್ರದವರು ಬರುತ್ತಿದ್ದರು. ಗಿಳಿ ಎಲೆ ಎತ್ತುತ್ತಿತ್ತು, ಆತ ಮಾತ್ರ ನನ್ನ ಅಮ್ಮನ ಮುಖವನ್ನೇ ನೋಡುತ್ತಿದ್ದ. ಅದು ಈಗ ನೆನಪಾದರೆ ನಗು ಬರುತ್ತದೆ. ಗೆಸ್ಟ್‌ಗಳಿಗೆ ನೀವು ಹೇಳುವ ಬದಲು ಅವರ ಕೈಗೇ ಎಲೆ ಕೊಟ್ಟು, ಏನು ಕಾಣುತ್ತದೆ ಅಂತ ಕೇಳಿ. ಅರ್ಧ ಗಂಟೆ ಅವರೇ ಮಾತಾಡುತ್ತಾರೆ. ದುಡ್ಡು ತೆಗೆದುಕೊಳ್ಳಬೇಡಿ, ತೆಗೆದುಕೊಂಡ ಕೂಡಲೇ ಭವಿಷ್ಯ ಕೇಳುತ್ತಾರೆ.

ಅತ್ತೆಯವರ ಮಾತಿಗೆ ಬೆಲೆ ಕೊಡಿ. ನೆಲ್ಲಕ್ಕಿ ನಡುಮನೆಯಲ್ಲಿ, ತೂಗುದೀಪದ ಕೆಳಗೆ ಇದನ್ನು ಬಿಚ್ಚಬೇಡಿ. ಅದು ಕಾರೋಣರ, ಅಂದರೆ ಗತಿಸಿದ ಹಿರಿಯರ ಜಾಗ. ಹೊರಗೆ ಕೈಯಾಲೆ ಜಗಲಿಯಲ್ಲಿ ಕೂತು ನೋಡಿ, ಬೆಳಕೂ ಅಲ್ಲೇ ಚೆನ್ನಾಗಿದೆ. ಶಾಸ್ತ್ರ ಅನ್ನುವ ಪದ ಬಿಟ್ಟು, ಬರೀ ಚಿತ್ರ ಅಂತ ಒಂದೆರಡು ತೋರಿಸಿ. ನಮ್ಮ ಚಿಕ್ಕಮ್ಮ ಒಬ್ಬರಿಗೆ 17ನೇ ಎಲೆ, ನಕ್ಷತ್ರ ತೋರಿಸಿದ್ದೆ. ಹೆಣ್ಣೊಬ್ಬಳು ಎರಡು ಕೊಡದಿಂದ ನೀರು ಸುರಿಯುತ್ತಿರುತ್ತಾಳೆ, ಒಂದು ನೆಲಕ್ಕೆ, ಒಂದು ಕೊಳಕ್ಕೆ. ಚಿಕ್ಕಮ್ಮ ಕನ್ನಡಕ ಸರಿ ಮಾಡಿಕೊಂಡು, "ಇದ್ಯಾಕೆ ಹೊಳೆ ನೀರನ್ನ ಹೊಳೆಗೇ ಸುರಿತಾಳೆ?" ಅಂದರು. ಮೂರು ದಿನ ನನಗೆ ಆ ಪ್ರಶ್ನೆ ಬಿಡಲಿಲ್ಲ. ಅಷ್ಟಾದರೂ ಬೇಡ ಅಂದರೆ ಬೇಡವೇ ಬೇಡ, ಹೋಂಸ್ಟೇ ಕೋಣೆಯಲ್ಲಿ ಇಟ್ಟುಕೊಳ್ಳಿ.

ಬೂಷ್ಟಿಗೆ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಮಳೆ ಬಿಟ್ಟ ಹೊತ್ತಲ್ಲಿ ಹೊರಗೆ ತಂದು ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಕೆಳಗೆ ಬಿಡಿ. ಮಿಕ್ಕ ಎಲೆಗಳಿಂದ ದೂರ ಇಡಿ, ಇಲ್ಲದಿದ್ದರೆ ಹಬ್ಬುತ್ತದೆ. ಒಲೆ ಮೇಲಿನ ಅಟ್ಟಕ್ಕೆ ಏರಿಸಿದರೆ ಹಪ್ಪಳದ ಹಾಗೆ ಸುರುಳಿಯಾಗುತ್ತವೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಒಳಗೆ ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುತ್ತದಲ್ಲ ಸಿಲಿಕಾ ಜೆಲ್ ಪೊಟ್ಟಣ, ಅದು ಎರಡು. ಅಕ್ಕಿ ಹಾಕಿಡಿ ಅನ್ನುವವರಿದ್ದಾರೆ. ನಾನು ಹಾಕಿ ನೋಡಿದೆ, ಹುಳ ಬಂತು.

ಅಷ್ಟಾದರೂ ಎರಡು ಕೋಲಿನ ಎಲೆ ಉಳಿಯುವಂತೆ ಕಾಣುವುದಿಲ್ಲ, ಫೋಟೋದಲ್ಲಿ ಮುಖವೇ ಹೋಗಿದೆ. ಡಬ್ಬಿಯ ತಳದಲ್ಲಿ ನೋಡಿ. ಬಹಳಷ್ಟು ಕಟ್ಟುಗಳಲ್ಲಿ ಒಂದೆರಡು ಎಲೆ ಹೆಚ್ಚಿಗೆ ಬರುತ್ತವೆ, ಖಾಲಿಯೋ ಜಾಹೀರಾತಿನದ್ದೋ. ನಿಮ್ಮದರಲ್ಲೂ ಇದ್ದರೆ ಅದರ ಮೇಲೆ ಬಿಳಿ ಕಾಗದ ಅಂಟಿಸಿ ನೀವೇ ಬರೆಯಿರಿ. ಪಮೇಲಾ ಎಲೆಯಲ್ಲಿ ಒಬ್ಬ ಕೋಟೆ ಮೇಲೆ ನಿಂತು, ಒಂದು ಕೋಲು ಹಿಡಿದು, ಇನ್ನೊಂದನ್ನು ಗೋಡೆಗೆ ಬಿಗಿದು, ದೂರ ನೋಡುತ್ತಿರುತ್ತಾನೆ. ನೀವು ಎರಡು ಹಾಲುವಾಣದ ಗೂಟ ಬರೆಯಿರಿ, ನಡುವೆ ಒಬ್ಬರನ್ನು ನಿಲ್ಲಿಸಿ, ಹಿಂದೆ ತಡಿಯಂಡಮೋಳ್ ಬೆಟ್ಟದ ಗೆರೆ ಎಳೆಯಿರಿ. ಪೆನ್ಸಿಲ್ ಸಾಕು. ಹಿಂಬದಿ ಎಲ್ಲದರದ್ದೂ ಒಂದೇ ತರ ಇದ್ದರೆ, ಕಲಸಿ ಇಟ್ಟ ಮೇಲೆ ನೀವು ಬರೆದದ್ದು ಯಾವುದು ಅಂತ ನಿಮಗೂ ಗೊತ್ತಾಗುವುದಿಲ್ಲ.